ಹನ್ನೊಂದು ಸೆಕೆಂಡಿನ ಋಣ

ಕಳೆದ ವಾರ ನನ್ನ ನಿರ್ದೇಶನದ ಮೊದಲ ಸಾಕ್ಷ್ಯಚಿತ್ರ ತೆರೆ ಕಂಡಿತು. ಸಂಕಲನಕಾರ್ತಿಯಾಗಿ 22 ವರ್ಷ ಬೇರೆಯವರ ಚಿತ್ರಗಳಿಗೆ ನಿರ್ದಾಕ್ಷಿಣ್ಯವಾಗಿ ಕತ್ತರಿ ಆಡಿಸಿದವಳಿಗೆ ತನ್ನ ಚಿತ್ರದ ಮುಂದೆ ಕೈ ಓಡಲಿಲ್ಲ. ಅದನ್ನು ಮುಗಿಸಲು ನಾಲ್ಕು ವರ್ಷ ಪಾಡುಪಟ್ಟೆ.

ಛಾಯಾಗ್ರಾಹಕರು, ಧ್ವನಿ ಮುದ್ರಿಸಿದವರು, ಹಣ ಹೊಂದಿಸಿಕೊಟ್ಟವರು, ಒಂದೊಂದು ರಫ್ ಕಟ್ಟನ್ನೂ (ಸಂಕಲನದ ಕರಡು ರೂಪ) ನೋಡಿ ಮುಲಾಜಿಲ್ಲದೆ ಮಾತನಾಡಿದ ಗೆಳೆಯರು, ಮನೆಯ ಭಾರ ಹೊತ್ತ ಅಣ್ಣ, ಅತ್ತಿಗೆ, ಎಲ್ಲರಿಗೂ ಕೈಮುಗಿಯುತ್ತೇನೆ. ನನ್ನ ಗುರುಗಳು 16 ಎಂ.ಎಂ. ಫಿಲ್ಮಿನಲ್ಲಿ ಕೆಲಸ ಕಲಿತವರು. 400 ಅಡಿಯ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿದುಹೋಗುತ್ತಿದ್ದ ಕಾಲ ಅದು. 140 ಗಂಟೆಯ ಫುಟೇಜ್ ಇಟ್ಟುಕೊಂಡು ಕಂಗಾಲಾಗಿದ್ದ ನನಗೆ ಅವರು ಹೇಳಿದ್ದು ಇಷ್ಟೇ: "ಎಲ್ಲವನ್ನೂ ನೋಡು. ಓಡಿಸಿ ನೋಡಬೇಡ."

ಇನ್ನು ನನ್ನ ಸಹಾಯಕಿ.

ಚಿತ್ರದ ಜೀವವಾಗಿದ್ದ ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ನಾವಿಬ್ಬರೂ ಎಡಿಟಿಂಗ್ ಕೋಣೆಯಲ್ಲಿದ್ದೆವು. ಮಾನಿಟರಿನಲ್ಲಿ ಅವರದೇ ಮುಖ, ಮಾತಿಗೆ ಬಾಯಿ ತೆರೆದಲ್ಲೇ ನಿಂತಿತ್ತು. ಇನ್ನು ನನ್ನಿಂದಾಗದು, ಹಾರ್ಡ್ ಡಿಸ್ಕುಗಳನ್ನು ಅವರ ಮನೆಯವರಿಗೆ ಕೊಟ್ಟುಬಿಡೋಣ ಎಂದೆ. ಅವಳು ಸಮಾಧಾನ ಹೇಳಲಿಲ್ಲ. ಮಾನಿಟರ್ ಆರಿಸಿ, ಹೆಡ್‌ಫೋನನ್ನು ನನ್ನ ಕಿವಿಗಿಟ್ಟಳು.

"ಯಾರ ನೆನಪಾಗುತ್ತದೆ?" ಎಂಬ ನನ್ನದೇ ದನಿ. ಆಮೇಲೆ ಅಜ್ಜಿಯ ಉಸಿರು. ಕುರ್ಚಿ ಕಿರುಗುಟ್ಟಿದ ಸದ್ದು. ಒಳಗೆಲ್ಲೋ ಒಂದು ಬಾಗಿಲು. ಅವರು ಉತ್ತರಿಸುವ ಹೊತ್ತಿಗೆ 11 ಸೆಕೆಂಡ್ ಕಳೆದಿತ್ತು. ಸೆಕೆಂಡಿಗೆ 25 ಬಿಡಿಚಿತ್ರಗಳಂತೆ 275 ಫ್ರೇಮ್. ದೃಶ್ಯ ಎಳೆಯುತ್ತದೆಂದು ನಾನೇ ಅದನ್ನು ಕಿತ್ತುಹಾಕಿ, ಪ್ರಶ್ನೆಯ ಬೆನ್ನಿಗೇ ಉತ್ತರ ಜೋಡಿಸಿದ್ದೆ.

"ಅಕ್ಕಾ, ಇದನ್ನು ವಾಪಸು ಹಾಕೋಣ" ಎಂದಳು.

ಅತ್ತುಬಿಟ್ಟೆ. ಚಿತ್ರ ಮುಗಿದ ಮೇಲೆ ಬಂದು ತೋರಿಸುತ್ತೇನೆ ಎಂದು ಅಜ್ಜಿಗೆ ಮಾತು ಕೊಟ್ಟಿದ್ದೆ. ಅವರು ಎರಡು ಸಲ ಫೋನ್ ಮಾಡಿ ಕೇಳಿದ್ದರು. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಎನ್ನುತ್ತಲೇ ಇದ್ದೆ. ಆ ರಾತ್ರಿ ಇದನ್ನೆಲ್ಲ ಅವಳಿಗೆ ಎಷ್ಟು ಸಲ ಹೇಳಿದೆನೋ. ಅವಳು ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಬೆಳಗಿನ ಐದರವರೆಗೆ ಅಜ್ಜಿಯ ಒಂದೊಂದು ಕ್ಲಿಪ್ಪನ್ನೂ ತೆರೆದು, ಮೂರೂ ಪ್ರತಿಗಳು ಸರಿಯಾಗಿವೆಯೇ ಎಂದು ನೋಡುತ್ತಿದ್ದಳು. ಬೆಳಕು ಹರಿದಾಗ ಆ ಮೌನ ಟೈಮ್‌ಲೈನಿಗೆ, ಅಂದರೆ ಚಿತ್ರದ ಜೋಡಣೆಗೆ, ಮರಳಿತ್ತು. ಮೊನ್ನೆ ಪ್ರದರ್ಶನದಲ್ಲಿ ಆ ಜಾಗ ಬಂದಾಗ ಇಡೀ ಸಭಾಂಗಣದಲ್ಲಿ ಯಾರೂ ಕೆಮ್ಮಲಿಲ್ಲ.

1929ರಲ್ಲೇ ಸೋವಿಯತ್ ನಿರ್ದೇಶಕ ಝಿಗಾ ವೆರ್ಟಾವ್ ತಮ್ಮ 'ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ' ಚಿತ್ರದೊಳಗೆ ಸಂಕಲನಕಾರ್ತಿ ಎಲಿಜವೆಟಾ ಸ್ವಿಲೋವಾ ಅವರನ್ನು ಕೆಲಸದ ಮೇಜಿನ ಮುಂದೆ ತೋರಿಸಿದ್ದರು. ಆದರೆ ಸಹಾಯಕರ ಹೆಸರು ಇಂದಿಗೂ ಪಟ್ಟಿಯ ಕೊನೆಯಲ್ಲಿ ಸರ್ರನೆ ಸರಿದುಹೋಗುತ್ತದೆ. ಇಲ್ಲಿ ತನ್ನ ಹೆಸರು ಬರೆಯಬೇಡಿ ಎಂದಿದ್ದಾಳೆ ನನ್ನ ಸಹಾಯಕಿ, ಬರೆಯುವುದಿಲ್ಲ. ಚಿತ್ರದಲ್ಲಿ ಮಾತ್ರ ಅದು ತೆರೆಯ ಮೇಲೆ ಒಂಟಿಯಾಗಿ ನಿಲ್ಲುತ್ತದೆ, ಸರಿಯಾಗಿ 275 ಫ್ರೇಮ್.

ನಾಳೆ ನಾವಿಬ್ಬರೂ ಅಜ್ಜಿಯ ಮಗಳ ಮನೆಗೆ ಹೋಗುತ್ತಿದ್ದೇವೆ. ಚಿತ್ರದ ಜೊತೆಗೆ ಅಜ್ಜಿ ಆಡಿದ ಆರು ಗಂಟೆಯ ಮಾತನ್ನೂ ಒಯ್ಯುತ್ತಿದ್ದೇವೆ. ಅದರಲ್ಲಿ ಏನನ್ನೂ ಕತ್ತರಿಸಿಲ್ಲ.