ಮಂಡಿಪೇಟೆಯ ಟೈಲರ್ ಅಣ್ಣನಿಗೆ ಧನ್ಯವಾದ

ದಾವಣಗೆರೆಯ ಮಂಡಿಪೇಟೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಅಣ್ಣನಿಗೆ ಈ ಮಾತು ತಲುಪಲಿ.

ಮಗಳು ಓದುವುದು ಕ್ರೈಸ್ತ ಪ್ರೈಮರಿ ಶಾಲೆಯಲ್ಲಿ. ಡಿಸೆಂಬರ್ 25ಕ್ಕೆ ರಜೆ ಅಲ್ವಾ, ಶಾಲೆಯ ಕ್ರಿಸ್‌ಮಸ್ ಮೊದಲೇ ನಡೆಯುತ್ತದೆ. ಕ್ಲಾಸಿನಲ್ಲೆಲ್ಲ ಅದೇ ಸಂಭ್ರಮ: ಬಣ್ಣದ ಕಾಗದದ ನಕ್ಷತ್ರ, ಹುಲ್ಲು ಹಾಸಿದ ಗೋದಲಿ, ಕಂಬಳಿ ಹೊದ್ದ ಪುಟಾಣಿ ಕುರುಬರು. ನಾಟಕದಲ್ಲಿ ನಮ್ಮವಳು ದೇವದೂತ. ಯೇಸುವಿನ ತಾಯಿ ಮರಿಯಳಿಗೆ ಶುಭಸುದ್ದಿ ಹೇಳುವ ಮಾತನ್ನು ಮನೆ ತುಂಬಾ ಹೇಳಿಕೊಂಡು ತಿರುಗಿದ್ದಳು.

ಶಾಲೆಗೆ ಹೊರಟ ದಾರಿಯಲ್ಲೇ ಬಿಳಿ ಗೌನು ಆಟೋದ ಕಂಬಿಗೆ ಸಿಕ್ಕಿ ಸೊಂಟದ ಹತ್ತಿರ ಹರಿಯಿತು. ಅವಳ ಅಳು ನಿಲ್ಲಲಿಲ್ಲ. ನನಗೆ ಕೈಕಾಲೇ ಆಡಲಿಲ್ಲ.

ನೀವು ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದಿರಿ. ಮುಚ್ಚಿಟ್ಟು ಎದ್ದು ಬಂದಿರಿ. ಹರಿದದ್ದನ್ನು ಒಳಗಿನಿಂದ ಮಡಚಿ ಹೊಲಿದಿರಿ. ಮಗುವಿಗೆ ಚುಚ್ಚಬಾರದು ಅಂತ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಿರಿ. ರಟ್ಟಿನ ರೆಕ್ಕೆ ಸಡಿಲವಾಗಿದೆ ಅಂತ ನಾನು ಹೇಳಿಯೇ ಇರಲಿಲ್ಲ, ಅದಕ್ಕೂ ಎಲಾಸ್ಟಿಕ್ ಹಾಕಿದಿರಿ. "ಅಳಬೇಡ ಪುಟ್ಟಿ, ಈಗ ಹಾರಿದ್ರೂ ಕಿತ್ತು ಬರಲ್ಲ" ಅಂದಿರಿ. ನಕ್ಕುಬಿಟ್ಟಳು. ಆಗಲೇ ನನಗೆ ಉಸಿರು ಬಂದದ್ದು.

ದುಡ್ಡು ಕೊಡಲು ಹೋದರೆ "ಹಬ್ಬದ ಕೆಲಸ, ಬ್ಯಾಡ ಬಿಡಿ ಅಕ್ಕ" ಅಂದಿರಿ.

ಅವಳು ಅಳುಕದೆ ಮಾತು ಹೇಳಿದಳು. ಹೊಲಿಗೆ ಚೂರೂ ಬಿಡಲಿಲ್ಲ. ನಿಮಗೆ ಅಂತ ಕೇಕು, ಕಲ್‌ಕಲ್ ಅನ್ನುವ ಕ್ರಿಸ್‌ಮಸ್ ಸಿಹಿತಿಂಡಿ ತೆಗೆದಿಟ್ಟಿದ್ದೇವೆ, ತಂದು ಕೊಡುತ್ತೇವೆ. ಅದನ್ನಾದರೂ ಬೇಡ ಅನ್ನಬೇಡಿ.