ಕೋಲಾರದ ಹಳೆಯ ಒಂದಿಂಚು ನಕ್ಷೆಗಳು ಜನರ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬಂದ ಮೇಲೆ ಕೋಲಾರ ಜಿಲ್ಲೆಯ ಎಷ್ಟೋ ಒಣ ಕೆರೆಗಳು ತುಂಬಿದವು. ಸಂತೋಷ. ಆದರೆ ಒಂದು ಕೆರೆ ಕೋಡಿ ಹರಿದರೆ ಆ ನೀರು ಮುಂದೆ ಯಾವ ಕೆರೆಗೆ, ಯಾವ ದಾರಿಯಲ್ಲಿ ಹೋಗಬೇಕು? ಇದಕ್ಕೆ ಉತ್ತರ ದೇಶದ ನಕ್ಷೆ ತಯಾರಿಸುವ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್‌ಗಳಲ್ಲಿದೆ, ಅಂದರೆ ನೆಲದ ಏರಿಳಿತ ತೋರಿಸುವ, ಮೈಲಿಗೆ ಒಂದಿಂಚಿನ ನಕ್ಷೆಗಳಲ್ಲಿ.

ಗ್ರಾಮ ನಕ್ಷೆ ಇದೆಯಲ್ವಾ ಅನ್ನಬಹುದು. ಅದು ಸರ್ವೆ ನಂಬರು ತೋರಿಸಿ ಊರಿನ ಗಡಿಗೆ ಮುಗಿಯುತ್ತದೆ. ನೆಲದ ಇಳಿಜಾರು ಅದರಲ್ಲಿ ಸಿಗುವುದಿಲ್ಲ. ಕೋಲಾರ ಪಟ್ಟಣವಿರುವ ಟೋಪೋಶೀಟ್ ನೋಡಿ, ಅದರ ಸಂಖ್ಯೆ 57 ಕೆ/4. ಅಂತರಗಂಗೆ ಬೆಟ್ಟದ ಮೇಲೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳು ಒತ್ತೊತ್ತಾಗಿರುತ್ತವೆ, ಬಯಲಿಗೆ ಇಳಿದಂತೆ ದೂರವಾಗುತ್ತವೆ. ಇಂಥ ಶೀಟುಗಳಲ್ಲಿ ಕೆರೆ ಏರಿಯ ಪಕ್ಕ ಒಂದು ಅಂಕಿ, ಅದರ ಜೊತೆ ಆರ್ ಅಕ್ಷರ ಇರುತ್ತದೆ. ಸುತ್ತಲ ನೆಲಕ್ಕಿಂತ ಏರಿ ಎಷ್ಟು ಎತ್ತರ ಅನ್ನುವ ಲೆಕ್ಕ ಅದು. ಹಳ್ಳದ ಗೆರೆ ಹಿಡಿದು ಹೋದರೆ ಕೆರೆಯಿಂದ ಕೆರೆಗೆ ಇಡೀ ಸರಪಳಿ ಸಿಗುತ್ತದೆ.

ರೈಲಿನ ವಿಷಯವೂ ಇದಕ್ಕೇ ಸೇರಿದ್ದು. ಬಂಗಾರಪೇಟೆ-ಕೋಲಾರ ನಡುವೆ ಎರಡೂವರೆ ಅಡಿ ಅಗಲದ ಹಳಿ ಬಂದದ್ದು 1913ರಲ್ಲಿ. ಈಗ ಚಿಕ್ಕಬಳ್ಳಾಪುರದವರೆಗೂ ಬ್ರಾಡ್‌ಗೇಜ್ ಆಗಿದೆ. ಹಳಿಗೆಂದು ಮಣ್ಣು ಏರಿಸಿದ ಕಡೆ ಹರಿಯುವ ನೀರಿಗೆ ಅಡ್ಡ ಬೀಳುತ್ತದೆ, ಅದಕ್ಕೇ ಮೋರಿ ಬೇಕು. ಹಳ್ಳ ಮೊದಲು ಎಲ್ಲಿತ್ತು ಅಂತ ನೋಡದೆ ಅಂಡರ್‌ಪಾಸ್ ತೋಡಿದರೆ ಮಳೆಗಾಲದಲ್ಲಿ ಅದೇ ಕೆರೆ ಆಗುತ್ತದೆ.

1:50,000 ಅಳತೆಯ (ಒಂದು ಸೆಂ.ಮೀ.ಗೆ ಅರ್ಧ ಕಿ.ಮೀ.) ಈಗಿನ ನಕ್ಷೆಗಳನ್ನು ಸರ್ವೆ ಆಫ್ ಇಂಡಿಯಾ 2017ರಿಂದ ಉಚಿತವಾಗಿ ಕೊಡುತ್ತಿದೆ. ಅದು ದೊಡ್ಡ ಉಪಕಾರ. ಆದರೆ ಒತ್ತುವರಿಗೆ ಮುಂಚಿನ ಕೆರೆ ನೋಡಲು ಹಳೆಯ ಮುದ್ರಣವೇ ಬೇಕು. 1950ರ ದಶಕದಲ್ಲಿ ಅಮೆರಿಕದ ಸೇನೆ ನಮ್ಮ ಶೀಟುಗಳನ್ನೇ ಆಧರಿಸಿ ಮಾಡಿದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ಎಲ್ಲರಿಗೂ ತೆರೆದಿಟ್ಟಿದೆ. ಅವುಗಳ ಅಳತೆ 1:2,50,000, ಅಂದರೆ ಒಂದು ಸೆಂ.ಮೀ.ಗೆ ಎರಡೂವರೆ ಕಿ.ಮೀ. ಸಣ್ಣ ಕೆರೆ ಚುಕ್ಕೆಯಷ್ಟು, ಕಾಲುವೆಯಂತೂ ಕಾಣುವುದೇ ಇಲ್ಲ. ನಮ್ಮ ಜಿಲ್ಲೆಯ ಹಳೆಯ ನೆಲ ನೋಡಲು ನಾವು ಅಲ್ಲಿಗೆ ಹೋಗಬೇಕೇ? ನಕ್ಷೆಗಳ ಮೇಲಿನ ಕಟ್ಟುಪಾಡುಗಳನ್ನು ಕೇಂದ್ರ ಸರ್ಕಾರ 2021ರಲ್ಲೇ ಸಡಿಲಿಸಿದೆ.

ಹಾಗಾಗಿ ನಮ್ಮ ಕಡೆಯ 57 ಜಿ, 57 ಕೆ, 57 ಎಲ್ ಗುಂಪಿನ ಹಳೆಯ ಒಂದಿಂಚು ಶೀಟುಗಳನ್ನು ಸರ್ವೆ ಆಫ್ ಇಂಡಿಯಾ ಮೊದಲು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಹಾಕಲಿ. ಪ್ರತಿ ಗ್ರಾಮ ಪಂಚಾಯ್ತಿಗೆ ಅದರ ಶೀಟಿನ ಒಂದು ಪ್ರತಿ ಹೋಗಲಿ. ಕೆರೆಗೆ ಗಡಿ ಕಲ್ಲು ನೆಡುವ ದಿನ ಗ್ರಾಮ ನಕ್ಷೆಯ ಪಕ್ಕದಲ್ಲಿ ಅದನ್ನೂ ಬಿಚ್ಚಿಟ್ಟು ನೋಡಲಿ.

— ಓದುಗ, ಕೋಲಾರ