ಫೋನಿನಲ್ಲಿ ಹೇಳಬೇಡ, ಬರೆದು ಕಳಿಸು

ಪ್ರೀತಿಯ ಗೆಳೆಯ,

ಭಾನುವಾರ ರಾತ್ರಿ ನೀನು ಫೋನಿನಲ್ಲಿ ಹೇಳಿದ ಕಥೆ ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಶರಾವತಿ ಹಿನ್ನೀರಿಗೆ ಸೇತುವೆ ಬಂದ ಮೇಲೆ ಲಾಂಚ್ ನಡೆಸುತ್ತಿದ್ದವನೊಬ್ಬನ ಕೊನೆಯ ರಾತ್ರಿ. ಅಷ್ಟು ಚೆನ್ನಾಗಿ ಹೇಳಿದೆ ನೀನು. ಹೇಳಿ ಮುಗಿಸಿ, ‘ಆರು ವರ್ಷದಿಂದ ಚಿತ್ರಕಥೆ ಸ್ಪರ್ಧೆಗಳಿಗೆ ಕಳಿಸುತ್ತಿದ್ದೀಯಲ್ಲ, ಒಂದಾದರೂ ಗೆದ್ದೆಯಾ? ಅದರಿಂದ ಏನು ಸಿಕ್ಕಿತು?’ ಎಂದು ಕೇಳಿದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಪತ್ರ.

ಗೆದ್ದಿಲ್ಲ. ಎರಡು ಸಲ ಎರಡನೆಯ ಸುತ್ತಿಗೆ ಹೋಗಿದ್ದೇನೆ, ಒಮ್ಮೆ ಅಂತಿಮ ಸುತ್ತಿನ ಹೊಸ್ತಿಲವರೆಗೆ. ಆದರೂ ನಿನಗೆ ಕಳಿಸು ಎಂದೇ ಹೇಳುತ್ತೇನೆ.

ನಮ್ಮಲ್ಲಿ ಚಿತ್ರಕಥೆ ಎಂದರೆ ಮೊದಲು ಬಾಯಲ್ಲಿ ಹೇಳುವುದು. ಗಾಂಧಿನಗರದಲ್ಲಿ ‘ಕಥೆ ಹೇಳಿ’ ಎನ್ನುವವರೇ ಹೆಚ್ಚು, ‘ಸ್ಕ್ರಿಪ್ಟ್ ಕೊಟ್ಟು ಹೋಗಿ, ಓದುತ್ತೇನೆ’ ಎನ್ನುವವರು ಕಡಿಮೆ. ಹೇಳುವ ಕಲೆ ದೊಡ್ಡದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಿನಗೆ ಅದು ಹುಟ್ಟಿನಿಂದಲೇ ಬಂದಿದೆ. ದನಿ ತಗ್ಗಿಸಬೇಕಾದಲ್ಲಿ ತಗ್ಗಿಸುತ್ತೀಯ, ಇಂಟರ್‌ವಲ್ ಹತ್ತಿರ ಬಂದಾಗ ಒಂದು ಕ್ಷಣ ಸುಮ್ಮನಾಗುತ್ತೀಯ, ಕೇಳುವವನು ಉಸಿರು ಬಿಗಿಹಿಡಿದು ಕೂರುತ್ತಾನೆ. ಆದರೆ ಸೋಮವಾರ ಬೆಳಗ್ಗೆ ಹಲ್ಲುಜ್ಜುವಾಗ ನನಗೊಂದು ಪ್ರಶ್ನೆ ಬಂತು: ಆ ಲಾಂಚಿನವನು ಮನೆ ಮುಟ್ಟಿದ ಮೇಲೆ ಮತ್ತೆ ದಡಕ್ಕೆ ಯಾಕೆ ಬಂದ? ಎಷ್ಟು ಯೋಚಿಸಿದರೂ ಉತ್ತರ ನಿನ್ನ ಕಥೆಯಲ್ಲಿರಲಿಲ್ಲ. ಹಿಂದಿನ ರಾತ್ರಿ ನಿನ್ನ ದನಿ ನನ್ನನ್ನು ಆ ಹಳ್ಳ ದಾಟಿಸಿಬಿಟ್ಟಿತ್ತು.

ಸ್ಪರ್ಧೆಯಲ್ಲಿ ಆ ದನಿಗೆ ಜಾಗವಿಲ್ಲ. ಎಲ್ಲೋ ಕೂತ ಒಬ್ಬ ಓದುಗ. ಅವನಿಗೆ ನಿನ್ನ ಮುಖ ಗೊತ್ತಿಲ್ಲ, ನೀನು ಪಟ್ಟ ಪಾಡು ಗೊತ್ತಿಲ್ಲ. ಮುಂದೆ ರಾಶಿ ಚಿತ್ರಕಥೆಗಳಿವೆ, ನಿನ್ನದು ಅವುಗಳಲ್ಲೊಂದು. ಅವನ ಪಕ್ಕದಲ್ಲಿ ನಿಂತು ‘ಇಲ್ಲಿ ಏನಾಗುತ್ತದೆ ಎಂದರೆ’ ಎಂದು ವಿವರಿಸಲು ನಿನಗೆ ಅವಕಾಶವಿಲ್ಲ. ಅಂಥ ಓದುಗ ನನಗೆ ಗೆಳೆಯರಲ್ಲಿ ಸಿಗಲಿಲ್ಲ, ಮನೆಯಲ್ಲೂ ಸಿಗಲಿಲ್ಲ. ನೀನೇ ನನ್ನ ಎಷ್ಟು ಡ್ರಾಫ್ಟುಗಳನ್ನು ಓದಿ ‘ಚೆನ್ನಾಗಿದೆ’ ಎಂದಿದ್ದೀಯ! ಅದು ಪ್ರೀತಿ. ನನಗೆ ಬೇಕಾಗಿದ್ದದ್ದು ಪ್ರೀತಿಯ ಹಂಗಿಲ್ಲದ ಎರಡು ಕಣ್ಣು.

ಒಂದು ಉದಾಹರಣೆ ಹೇಳುತ್ತೇನೆ. ತೋಟ ಮಾರುವ ಅಪ್ಪನ ಕಥೆ ನೆನಪಿದೆಯಲ್ಲ? ಅದರಲ್ಲಿ ಅಡಿಕೆ ಸುಲಿಯುವ ರಾತ್ರಿಯ ದೃಶ್ಯವಿತ್ತು. ಅಪ್ಪನಿಗೆ ಮಗಳ ಫೋನ್ ಬರುತ್ತದೆ, ಕೊಳ್ಳುವವರು ಒಪ್ಪಿದ್ದಾರೆ ಎಂಬ ಸುದ್ದಿ. ನಾನು ಬರೆದಿದ್ದು ಹೀಗೆ: ‘ಮೂರು ತಲೆಮಾರಿನ ಬೆವರು ಕೈಬಿಟ್ಟು ಹೋಗುತ್ತಿದೆ ಎಂಬ ಸಂಕಟ ಅವನ ಮನಸ್ಸನ್ನು ಕೊರೆಯುತ್ತಿದೆ.’ ಬರೆದ ದಿನ ಆ ಸಾಲಿನ ಮೇಲೆ ನನಗೆ ತುಂಬ ಅಭಿಮಾನವಿತ್ತು. ಸ್ಪರ್ಧೆಯ ಓದುಗರೊಬ್ಬರು ಅದರ ಪಕ್ಕದಲ್ಲಿ ಕೇಳಿದ್ದು ಒಂದೇ ಮಾತು: ‘ಇದನ್ನು ಕ್ಯಾಮೆರಾ ಹೇಗೆ ನೋಡುತ್ತದೆ?’

ನಾಲ್ಕು ದಿನ ಆ ಪ್ರಶ್ನೆ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಐದನೆಯ ದಿನ ಆ ಸಾಲು ಹೊಡೆದುಹಾಕಿ ಬರೆದೆ. ಅಪ್ಪ ಫೋನ್ ಕೆಳಗಿಟ್ಟು ಮತ್ತೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮಣೆಯ ಮೇಲೆ ಕೂರುತ್ತಾನೆ. ಸುಲಿಯುತ್ತಾನೆ. ಅಡಿಕೆಯನ್ನು ಸಿಪ್ಪೆಯ ರಾಶಿಗೆ ಎಸೆಯುತ್ತಾನೆ, ಸಿಪ್ಪೆಯನ್ನು ಬುಟ್ಟಿಗೆ ಹಾಕುತ್ತಾನೆ. ಮತ್ತೊಂದು, ಮಗದೊಂದು. ಪಕ್ಕದಲ್ಲಿ ಸುಲಿಯುತ್ತಿದ್ದ ಹೆಂಗಸು ಅದನ್ನು ನೋಡಿ, ಏನೂ ಅನ್ನದೆ, ಬುಟ್ಟಿಯಿಂದ ಸಿಪ್ಪೆ ಹೆಕ್ಕಿ ಆಚೆ ಹಾಕುತ್ತಾಳೆ. ಅಷ್ಟೇ. ಮಾತಿಲ್ಲ. ನಾನು ಬರೆದದ್ದರಲ್ಲಿ ಸಿನಿಮಾ ಎನ್ನಬಹುದಾದ ಮೊದಲ ಅರ್ಧ ಪುಟ ಅದು. ಆ ವರ್ಷ ಆ ಚಿತ್ರಕಥೆ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು, ನಿಜ. ಆದರೆ ಆ ಅರ್ಧ ಪುಟ ನನ್ನ ಬಳಿಯೇ ಉಳಿಯಿತು.

ಇಂಗ್ಲಿಷಿನಲ್ಲಿ ಬರೆಯಬೇಕಲ್ಲ ಎಂಬ ನಿನ್ನ ಅಳುಕು ನನಗೂ ಇತ್ತು. ಹೊರದೇಶದ ದೊಡ್ಡ ಸ್ಪರ್ಧೆಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ನಮ್ಮ ಕಡೆಯ ಮಾತಿನ ಸೊಗಸನ್ನು ಅಲ್ಲಿಗೆ ಒಯ್ಯಲು ಆಗುವುದಿಲ್ಲ. ಅದು ನಷ್ಟವೇ, ಸಮಾಧಾನ ಹೇಳಿಕೊಂಡು ಪ್ರಯೋಜನವಿಲ್ಲ. ಆದರೆ ಸಂಭಾಷಣೆಯ ಸೊಗಸು ಹೋದ ಮೇಲೆ ದೃಶ್ಯದಲ್ಲಿ ಏನು ಉಳಿಯಿತು ಎಂದು ನೋಡಿದಾಗ, ಕೆಲವು ದೃಶ್ಯಗಳಲ್ಲಿ ಏನೂ ಉಳಿದಿರಲಿಲ್ಲ. ಯಾರಿಗೆ ಏನು ಬೇಕು, ಯಾರು ಅಡ್ಡ ಬರುತ್ತಾರೆ, ದೃಶ್ಯದ ಕೊನೆಗೆ ಏನು ಬದಲಾಯಿತು, ಯಾವುದೂ ಇಲ್ಲ. ಬರೀ ಚೆಂದದ ಮಾತು. ಆ ದೃಶ್ಯಗಳನ್ನೆಲ್ಲ ಮತ್ತೆ ಕಟ್ಟಿ, ಆಮೇಲೆ ಕನ್ನಡಕ್ಕೆ ಮರಳಿ ಸಂಭಾಷಣೆಯನ್ನು ಹೊಸದಾಗಿ ಬರೆದೆ. ಮಾತು ಅರ್ಧಕ್ಕರ್ಧ ಕಡಿಮೆಯಾಯಿತು.

ನಿನ್ನಂಥವನು ಚಿಕ್ಕ ಸ್ಪರ್ಧೆಯಿಂದ ಶುರುಮಾಡಬೇಕು. ಎನ್‌ವೈಸಿ ಮಿಡ್‌ನೈಟ್ ಎಂಬುದೊಂದಿದೆ. ಪೂರ್ಣಪ್ರಮಾಣದ ಚಿತ್ರಕಥೆ ಬೇಕಿಲ್ಲ, ಕಿರುಚಿತ್ರದಷ್ಟು ಸಾಕು. ಕಥೆಯ ಪ್ರಕಾರ, ವಸ್ತು, ಪಾತ್ರ ಮೂರನ್ನೂ ಅವರೇ ಕೊಡುತ್ತಾರೆ. ಪುಟಕ್ಕೂ ಮಿತಿ, ದಿನಕ್ಕೂ ಮಿತಿ; ಸುತ್ತು ಮೇಲೇರಿದಂತೆ ಎರಡೂ ಕುಗ್ಗುತ್ತ ಹೋಗುತ್ತವೆ. ಚಿತ್ರಕಥೆಯ ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕವನ್ನು ಪುಸ್ತಕದಲ್ಲಿ ಓದಿದ್ದೆ, ಆದರೆ ಒಂದು ಪುಟ ಎಷ್ಟು ಹಿಡಿಸುತ್ತದೆ ಎಂದು ನನ್ನ ಕೈಗೆ ಗೊತ್ತಾದದ್ದು ಅಲ್ಲಿ. ಗೆದ್ದರೂ ಸೋತರೂ ತೀರ್ಪುಗಾರರ ಅಭಿಪ್ರಾಯ ಬರುತ್ತದೆ: ಏನು ಹಿಡಿಸಿತು, ಎಲ್ಲಿ ಕೆಲಸ ಬೇಕು. ನಾನು ಶುಲ್ಕ ಕಟ್ಟುವುದು ಆ ಅಭಿಪ್ರಾಯಕ್ಕಾಗಿ.

ದೊಡ್ಡದೆಂದರೆ ನಿಕೋಲ್ ಫೆಲೋಶಿಪ್, ಆಸ್ಕರ್ ಕೊಡುವ ಅಕಾಡೆಮಿಯೇ 1986ರಿಂದ ನಡೆಸಿಕೊಂಡು ಬಂದಿರುವುದು. ಸಾವಿರಾರು ಚಿತ್ರಕಥೆಗಳಲ್ಲಿ ಹೆಚ್ಚೆಂದರೆ ಐದನ್ನು ಆರಿಸುತ್ತಾರೆ. ಅದರ ಏರ್ಪಾಡು ನನಗೆ ತುಂಬ ಇಷ್ಟ. ಹಣ ಕೊಡುವುದು ಗೆದ್ದ ಚಿತ್ರಕಥೆಯನ್ನು ಕೊಳ್ಳಲು ಅಲ್ಲ, ಅದರ ಹಕ್ಕು ಬರೆದವರದ್ದೇ. ಹಣ ಕೊಡುವುದು ಮುಂದಿನ ಒಂದು ವರ್ಷದಲ್ಲಿ ಮತ್ತೊಂದು ಚಿತ್ರಕಥೆ ಬರೆಯಲಿ ಎಂದು. ಸುಸಾನಾ ಗ್ರಾಂಟ್ 1992ರಲ್ಲಿ ಇದನ್ನು ಪಡೆದರು. ಅವರು ಬರೆದ ‘ಎರಿನ್ ಬ್ರಾಕೊವಿಚ್’ ತೆರೆಗೆ ಬಂದದ್ದು 2000ದಲ್ಲಿ. ನಡುವಿನ ಆ ಎಂಟು ವರ್ಷವನ್ನು ನೆನೆದರೆ ನನಗೆ ಧೈರ್ಯ ಬರುತ್ತದೆ. ನಮ್ಮ ದೇಶದಲ್ಲೂ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಸ್ಕ್ರೀನ್‌ರೈಟರ್ಸ್ ಲ್ಯಾಬ್ ಇದೆ. ಕೆಲವೇ ಚಿತ್ರಕಥೆಗಳನ್ನು ಆರಿಸಿ, ಅನುಭವಿಗಳ ಜೊತೆ ಕೂರಿಸಿ, ತಿದ್ದಿಸಿ ಬರೆಸುತ್ತಾರೆ. ‘ದಿ ಲಂಚ್‌ಬಾಕ್ಸ್’ ಅಲ್ಲಿ ಹದಗೊಂಡ ಚಿತ್ರಕಥೆ. ನನ್ನ ಗುರಿ ಅದೇ.

ಹಣದ ವಿಚಾರದಲ್ಲಿ ಮಾತ್ರ ಎಚ್ಚರವಾಗಿರು. ಒಂದು ಸ್ಪರ್ಧೆಗೆ ನಾನು ಶುಲ್ಕ ಕಟ್ಟಿ ಹನ್ನೊಂದು ತಿಂಗಳು ಕಾದೆ. ಫಲಿತಾಂಶವೂ ಬರಲಿಲ್ಲ, ಪತ್ರಕ್ಕೆ ಉತ್ತರವೂ ಬರಲಿಲ್ಲ. ಹಿಂದಿನ ವರ್ಷಗಳಲ್ಲಿ ಗೆದ್ದವರು ಯಾರು, ಅವರು ಈಗ ಏನು ಬರೆಯುತ್ತಿದ್ದಾರೆ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡ. ನಿಯಮಗಳನ್ನು ಕೊನೆಯ ಸಾಲಿನವರೆಗೆ ಓದು. ಕಳಿಸಿದ ಮಾತ್ರಕ್ಕೆ ಕಥೆಯ ಹಕ್ಕು ತಮ್ಮದಾಗುತ್ತದೆ ಎಂಬ ಧಾಟಿಯ ಸಾಲು ಕಂಡರೆ ಅಲ್ಲಿಗೇ ಬಿಡು. ಕೃತಿಸ್ವಾಮ್ಯ ನೀನು ಬರೆದ ಕ್ಷಣದಿಂದಲೇ ನಿನ್ನದು, ಆದರೂ ಕಾಪಿರೈಟ್ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ನೋಂದಾಯಿಸಿಬಿಟ್ಟರೆ ರಾತ್ರಿ ನಿದ್ದೆ ಬರುತ್ತದೆ.

ತಿರಸ್ಕಾರದ ಪತ್ರ ಬಂದ ಸಂಜೆ ಕಷ್ಟದ್ದೇ. ಆ ದಿನ ನಾನು ಚಿತ್ರಕಥೆಯನ್ನು ತೆರೆಯುವುದಿಲ್ಲ. ಅಭಿಪ್ರಾಯಗಳನ್ನು ವಾರ ಬಿಟ್ಟು ಓದುತ್ತೇನೆ. ಒಬ್ಬರು ಹೊಗಳಿದ ದೃಶ್ಯವನ್ನೇ ಮತ್ತೊಬ್ಬರು ಬೇಡ ಎಂದಿರುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇಬ್ಬರು ಒಂದೇ ಪುಟದಲ್ಲಿ ಎಡವಿದ್ದರೆ ಅಲ್ಲಿ ಕಲ್ಲಿದೆ. ಅವರು ಸೂಚಿಸುವ ಪರಿಹಾರ ಎಷ್ಟೋ ಸಲ ನನಗೆ ಒಗ್ಗುವುದಿಲ್ಲ, ಕಲ್ಲನ್ನು ಎತ್ತುವ ಬಗೆ ನಾನೇ ಹುಡುಕಬೇಕಾಗುತ್ತದೆ. ತೋಟದ ಕಥೆಯ ಈಗಿನ ಡ್ರಾಫ್ಟು ಒಂಬತ್ತನೆಯದು.

ಇನ್ನು ನಿನ್ನ ಲಾಂಚಿನ ಕಥೆ. ಮೊದಲ ಹತ್ತು ಪುಟ ಬರೆ. ಅವನು ದಡಕ್ಕೆ ಯಾಕೆ ಮರಳಿದ ಎಂಬುದು ಅವನ ಬಾಯಿಂದ ಬರಬಾರದು, ಅವನು ಮಾಡುವ ಕೆಲಸದಲ್ಲಿ ಕಾಣಬೇಕು. ಹಗ್ಗವೋ, ಟಿಕೆಟ್ಟಿನ ಪುಸ್ತಕವೋ, ಏನೋ ಒಂದು ಅವನ ಕೈಯಲ್ಲಿರಲಿ. ಈ ತಿಂಗಳ ಕೊನೆಯ ಶನಿವಾರದೊಳಗೆ ಕಳಿಸು, ನಾನೂ ನನ್ನ ಹತ್ತು ಪುಟ ಕಳಿಸುತ್ತೇನೆ. ಓದಿ ಮುಗಿಸುವವರೆಗೆ ಇಬ್ಬರೂ ಫೋನ್ ಮಾಡುವುದು ಬೇಡ.

ಇಂತಿ,
ನಿನ್ನ ಗೆಳೆಯ